ಬಚ್ಚಲುಮನೆಯಲ್ಲಿ ಕಂಟ್ರೋಲ್ ಇಂಜಿನಿಯರಿಂಗ್

ನಮ್ಮ ಭಾವನವರು ವಿದ್ಯಾರ್ಥಿಗಳಿಗೆ ಸ್ನಾನ ಮಾಡಿಸಿ ಪಾಠ ಹೇಳುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಂಬದಿರುವ ಸೌಭಾಗ್ಯ ನಿಮ್ಮದು. ಆ ಒದ್ದೆ ಟವೆಲುಗಳನ್ನೆಲ್ಲ ಹಿಂಡಿ ಒಣಹಾಕಿದವನು ನಾನು.

ಎಪ್ಪತ್ತರ ದಶಕದ ಮಾತು. ಜಯನಗರದ ಅಕ್ಕನ ಮನೆಯಲ್ಲಿದ್ದುಕೊಂಡು ನಾನು ಇಂಜಿನಿಯರಿಂಗ್ ಓದುತ್ತಿದ್ದೆ. ಅಕ್ಕನ ಗಂಡ, ಅಂದರೆ ಭಾವನವರು, ಅದೇ ಕಾಲೇಜಿನಲ್ಲಿ ಮೇಷ್ಟರು. ಮನೆಯಲ್ಲೂ ಅವರೇ, ತರಗತಿಯಲ್ಲೂ ಅವರೇ! ಇಂಥ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ಯಾವ ಕಳ್ಳನಿಗೂ ಕೊಟ್ಟಿರಲಾರ. ಅವರ ವಿಷಯ ಕಂಟ್ರೋಲ್ ಇಂಜಿನಿಯರಿಂಗ್. ಯಂತ್ರವು ತನ್ನ ತಪ್ಪನ್ನು ತಾನೇ ಕಂಡುಕೊಂಡು ತಿದ್ದಿಕೊಳ್ಳುವಂತೆ ಮಾಡುವ ವಿದ್ಯೆ. ಮಿಕ್ಕ ಮೇಷ್ಟರುಗಳು ಹಳದಿಗಟ್ಟಿದ ಹಾಳೆಗಳನ್ನು ಓದಿ ಬರೆಸಿ, ಗಂಟೆ ಹೊಡೆದೊಡನೆ ಕಾಫಿಗೆ ಹೋಗುತ್ತಿದ್ದರು. ಸಂಭಾವಿತರು! ಇವರಿಗೇನು ಬಂದಿತ್ತು ರೋಗ?

"ಮೈಗೆ ಹತ್ತದ್ದು ತಲೆಗೆ ಹತ್ತಲ್ಲ ಕಣೋ" ಎನ್ನುತ್ತಿದ್ದರು.

ಮೊದಲು ಶುರುವಾದದ್ದು ಕಣ್ಣುಕಟ್ಟು. ತಿಲಕ್ ನಗರದಿಂದ ಬರುತ್ತಿದ್ದ ನನ್ನ ಸಹಪಾಠಿಯೊಬ್ಬನ ಕಣ್ಣಿಗೆ ಅಕ್ಕನ ಮಡಿಬಟ್ಟೆ ಬಿಗಿದು, "ಸೀದಾ ಗೇಟಿನ ತನಕ ನಡಿ" ಎಂದರು. ತಾನು ಎಲ್ಲಿದ್ದೇನೆಂದು ನೋಡಿಕೊಳ್ಳದೆ ಕೆಲಸ ಮಾಡುವ ಯಂತ್ರದ ಗತಿ ಏನು ಎಂಬುದು ಪಾಠ. ಅವನು ಸೀದಾ ನಡೆದ, ಗೇಟು ದಾಟಿ ನಡೆದ, ಎದುರುಮನೆಯಾಕೆ ಆಗ ತಾನೇ ಹಾಕಿ ಮುಗಿಸಿದ್ದ ರಂಗೋಲಿಯ ನಡುಮಧ್ಯಕ್ಕೆ ಹೋಗಿ ನಿಂತ.

"ಏನ್ ಸಾರ್ ಇದು! ಕತ್ತೆ ವಯಸ್ಸಿನ ಹುಡುಗರಿಗೆ ಕಣ್ಣಾಮುಚ್ಚಾಲೆ ಆಡ್ಸೋಕೆ ನಿಮಗೆ ಸಂಬಳ ಕೊಡ್ತಾರಾ?"

"ತಾಯಿ, ಇದನ್ನ ಓಪನ್ ಲೂಪ್ ಅಂತಾರೆ."

"ಏನಾದ್ರೂ ಅನ್ಲಿ! ಹದಿನೈದು ಚುಕ್ಕಿ ರಂಗೋಲಿ! ಯಾರು ಹಾಕ್ಕೊಡ್ತಾರೆ?"

ಯಾರು ಹಾಕಿಕೊಟ್ಟರು ಅಂತೀರಿ? ನಾನೇ! ಹಬ್ಬಕ್ಕೂ ಕೈಯಲ್ಲಿ ರಂಗೋಲಿ ಪುಡಿ ಹಿಡಿಯದ ನಾನು ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚುಕ್ಕಿ ಇಟ್ಟೆ. ಭಾವನವರು ಪಕ್ಕದಲ್ಲಿ ನಿಂತು, "ನೋಡು, ವಾರೆ ಹೋಗ್ತಿದೆ. ತಿದ್ದಿಕೋ. ಹಾಂ, ಇದೇ ಫೀಡ್‌ಬ್ಯಾಕ್!" ಎಂದು ಸಂತೋಷಪಟ್ಟರು.

ಇನ್ನು ಬಚ್ಚಲಿನ ಕಥೆ. ಆಗೆಲ್ಲ ಹೊಟ್ಟು ತುಂಬಿದ ಒಲೆ, ಅದರ ಮೇಲೆ ತಾಮ್ರದ ಬಾಯ್ಲರು. ಬಾಯ್ಲರಿಗೂ ನಲ್ಲಿಗೂ ಒಂದು ಗೇಣು ದೂರ. ಭಾವನವರು ಕೊಳಾಯಿ ರಿಪೇರಿಯವನನ್ನು ಕರೆಸಿ, ಬಿಸಿನೀರಿನ ಕೊಳವೆಯನ್ನು ಮನೆಯ ಸುತ್ತ ಪ್ರದಕ್ಷಿಣೆ ಹಾಕಿಸಿ ಬಚ್ಚಲಿಗೆ ತಂದರು! ನಲ್ಲಿ ತಿರುಗಿಸಿದರೆ ತಣ್ಣೀರು. ಇನ್ನಷ್ಟು ತಿರುಗಿಸಿದರೂ ತಣ್ಣೀರು. ಸಿಟ್ಟಿನಿಂದ ಪೂರ್ತಿ ತಿರುಗಿಸಿದಿರೋ, ಆಮೇಲೆ ನಿಧಾನವಾಗಿ ಬರುತ್ತದೆ ಕುದಿನೀರು. ಹೌಹಾರಿ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಹಿಮಾಲಯ. ತಿದ್ದುಪಡಿ ತಡವಾಗಿ ತಲುಪಿದರೆ ಯಂತ್ರ ಹೇಗೆ ಹೊಯ್ದಾಡುತ್ತದೆಂದು ತಿಳಿಸಲು ಈ ಏರ್ಪಾಡು. ವಿದ್ಯಾರ್ಥಿಗಳು ಸಾಲಾಗಿ ನಿಂತು ಒಬ್ಬೊಬ್ಬರೇ ಒಳಗೆ ಹೋಗಿ ಕಿರುಚುವರು. ಭಾವನವರು ಹೊರಗೆ ನಿಂತು ಆ ಕಿರುಚಾಟವನ್ನೇ ಗ್ರಾಫ್ ಕಾಗದದ ಮೇಲೆ ಬಿಡಿಸುವರು! ಕಿರುಚಾಟ ಬರುಬರುತ್ತ ಇಳಿದರೆ ಹುಡುಗ ಪಾಸು. ಏರುತ್ತ ಹೋದರೆ, "ಇವನು ಅನ್‌ಸ್ಟೇಬಲ್. ಮುಂದಿನ ಭಾನುವಾರ ಮತ್ತೆ ಬರ್ಲಿ."

"ನಮ್ಮನೆ ಬಚ್ಚಲು ಛತ್ರ ಆಯ್ತಲ್ರೀ! ಹೊಟ್ಟು ನಿಮ್ಮ ಯೂನಿವರ್ಸಿಟಿ ಕಳಿಸುತ್ತಾ?" ಎಂದು ಅಕ್ಕ ಕೂಗಾಡಿದರೆ, ಆ ಕೂಗನ್ನೂ ಒಮ್ಮೆ ಗ್ರಾಫಿಗೆ ಹಾಕಿದರು. ಆ ದಿನ ನಮಗ್ಯಾರಿಗೂ ಊಟವಿರಲಿಲ್ಲ.

ಕೊನೆಗೆ ಇಟ್ಟಮಡುವಿನ ಒಬ್ಬ ಗೌಡರು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. ಅವರ ಮಗ ನಮ್ಮ ತರಗತಿಯವನೇ, ಪದೇ ಪದೇ ಅನ್‌ಸ್ಟೇಬಲ್ ಆದವನು. "ಸಾಮಿ, ನಮ್ ಮನೇಲಿ ಹಂಡೆ ಇಲ್ವಾ? ನಮ್ ಹುಡ್ಗ ಜಯನಗರಕ್ ಬಂದು ಮೀಬೇಕಾ? ನೋಟ್ಸು ಕೊಡಾಕಿಲ್ಲ, ನೀರು ಕೊಡ್ತಾರಂತೆ!" ಬಾಗಿಲ ಹೊರಗೆ ನಿಂತಿದ್ದ ನನಗೆ, ಪ್ರಿನ್ಸಿಪಾಲರು ಭಾವನವರನ್ನು ಕರೆಸಿ ಕೊಟ್ಟ ತೀರ್ಪೂ ಕೇಳಿಸಿತು: "ನೋಡ್ರೀ, ನಾಳೆಯಿಂದ ನೋಟ್ಸ್ ಬರೆಸಿ. ಇಲ್ದಿದ್ರೆ ಆ ಸಬ್ಜೆಕ್ಟನ್ನೇ ಬೇರೆಯವರಿಗೆ ಕೊಡ್ತೀನಿ."

ಭಾವನವರಿಗೆ ಅದೊಂದು ವಿಷಯ ಬಿಟ್ಟರೆ ಪ್ರಪಂಚದಲ್ಲಿ ಬೇರೆ ಆಸೆಯಿರಲಿಲ್ಲ. ಬರೆಸಿದರು. ತಲೆ ತಗ್ಗಿಸಿ, ಹಾಳೆ ಹಿಡಿದು, "ಕಾಮಾ... ಫುಲ್‌ಸ್ಟಾಪ್... ನೆಕ್ಸ್ಟ್ ಪ್ಯಾರಾ" ಎಂದು ಬರೆಸಿದರು. ನನಗೆ ಖುಷಿಯಾಗಬೇಕಿತ್ತಲ್ಲವೇ? ಟವೆಲಿಲ್ಲ, ರಂಗೋಲಿಯಿಲ್ಲ. ಆದರೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನಂತೂ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಊಟಕ್ಕೆ ಕೂತ್ರೆ ಮಾತೇ ಇಲ್ಲ ಕಣೋ. ಬೈಯೋಕಾದ್ರೂ ಏನಾದ್ರೂ ಮಾಡ್ಬಾರ್ದಾ ಇವರು?" ಎಂದಳು.

ಮರುದಿನ ತರಗತಿಯಲ್ಲಿ ಎದ್ದು ನಿಂತೆ. "ಸಾರ್, ಅರ್ಥ ಆಗ್ಲಿಲ್ಲ."

"ಬರ್ಕೋ. ಆಮೇಲೆ ಅರ್ಥ ಆಗುತ್ತೆ" ಎಂದರು, ತಲೆಯೆತ್ತದೆ.

"ಬರ್ಕೊಂಡಿದೀನಿ ಸಾರ್. ಅರ್ಥ ಆಗ್ಲಿಲ್ಲ."

ಹಿಂದಿನ ಬೆಂಚಿನಿಂದ ಗೌಡರ ಮಗನ ದನಿ ಬಂತು: "ನಂಗೂ ಸಾರ್. ಅಪ್ಪಂಗೆ ಅರ್ಥ ಆಗಿರ್ಬೋದು. ನಂಗಾಗಿಲ್ಲ."

ಹೊರಗೆ ಪ್ರಿನ್ಸಿಪಾಲರ ಬೂಟಿನ ಸದ್ದು. ವರ್ಷ ಮುಗಿದ ಮೇಲೆ ಆ ವಿಷಯವನ್ನು ಅವರಿಂದ ಕಿತ್ತುಕೊಂಡೇಬಿಟ್ಟರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಆದರೆ ಆ ಹೊತ್ತು ಭಾವನವರು ಬಾಗಿಲ ಕಡೆ ತಿರುಗಲಿಲ್ಲ. ಹಾಳೆಗಳನ್ನು ಮೇಜಿನ ಮೇಲಿಟ್ಟು, ಎಷ್ಟೋ ದಿನಗಳ ಮೇಲೆ ತಲೆಯೆತ್ತಿ, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ಎಲ್ಲಿಂದ ಅರ್ಥ ಆಗಿಲ್ಲಪ್ಪ?"

"ಮೊದಲಿಂದ, ಭಾವ" ಎಂದೆ.

ಕಾಲೇಜಿನೊಳಗೆ ನಾನು ಅವರನ್ನು ಹಾಗೆ ಕರೆದದ್ದು ಅದೊಂದೇ ಸಲ. ಯಾರೂ ನಗಲಿಲ್ಲ.