ಜೋಡಿ ಟಿಕೆಟ್

ತೆರೆಯಲಾಗದ ಬೀಗ ಜಗತ್ತಿನಲ್ಲಿ ಇಲ್ಲ ಎಂದು ಬೀಗ ರಿಪೇರಿಯವನಿಗೆ ಗೊತ್ತಿತ್ತು. ಹಾಗಾಗಿ ನಂಬಬಹುದಾದ ಮನುಷ್ಯನೂ ಇಲ್ಲ ಎಂದುಕೊಂಡಿದ್ದ. ಅಂಥವನು ಅಂದು ವಿಮಾನ ನಿಲ್ದಾಣಕ್ಕೆ ಹೋಗುವ ರೈಲಿನ ದರಪಟ್ಟಿ ನೋಡಿ ಕಣ್ಣುಬಾಯಿ ಬಿಟ್ಟು ನಿಂತಿದ್ದ. ಅತ್ತೆ ವಿಮಾನದಲ್ಲಿ ಬರುವವರಿದ್ದರು. ಪೇಟೆಯಲ್ಲಿದ್ದ ತಮ್ಮ ಅಂಗಡಿ ಕೋಣೆಯನ್ನು ಅಳಿಯನಿಗೆ ಕೊಡುವುದೋ ಬೇಡವೋ ಎಂಬುದು ಈ ಸಲ ತೀರ್ಮಾನ. "ತಡ ಮಾಡಿದ್ರೆ ಜೀವನಪೂರ್ತಿ ಈ ಮೆಟ್ಟಿಲ ಕೆಳಗೇ ಬೀಗ ಕುಟ್ಕೊಂಡಿರಿ" ಎಂದು ಹೆಂಡತಿ ಗದರಿಸಿ ಕಳಿಸಿದ್ದಳು.

"ಒಬ್ರೇನಾ ಸಾರ್?"

ತಿರುಗಿದರೆ, ದುಂಡು ಮುಖದ ಹಿರಿಯರೊಬ್ಬರು. ಬಾಯಿತುಂಬ ನಗು. "ಜೋಡಿ ಟಿಕೆಟ್ ತಗೊಂಡ್ರೆ ಇಬ್ರಿಗೂ ಅರ್ಧಕ್ಕರ್ಧ ಉಳಿಯುತ್ತೆ. ಸೇರ್ಕೊಳ್ಳೋಣ್ವಾ?"

ಇಷ್ಟೊಂದು ನಗಬೇಕಾದರೆ ಏನೋ ಮಸಲತ್ತು ಇರಲೇಬೇಕು! "ಟಿಕೆಟ್ ನನ್ನ ಹತ್ರಾನೇ ಇರ್ಬೇಕು" ಎಂದ.

"ಅಯ್ಯೋ, ಧಾರಾಳವಾಗಿ ಇಟ್ಕೊಳ್ಳಿ!"

ಇಷ್ಟು ಸಲೀಸಾಗಿ ಒಪ್ಪಿದ್ದರಿಂದ ಅನುಮಾನ ಇಮ್ಮಡಿಯಾಯಿತು.

ರೈಲಿನಲ್ಲಿ ಹಿರಿಯರು ಕೇಳಿದ್ದೇ ಕೇಳಿದ್ದು: "ಏನು ಕೆಲಸ? ಸ್ವಂತ ಮನೆನಾ?" ಬೀಗದವನು ಟಿಕೆಟ್ ಇದ್ದ ಜೇಬನ್ನು ಭದ್ರವಾಗಿ ಹಿಡಿದುಕೊಂಡ. ಎದುರು ಸೀಟಿನ ಹೆಂಗಸು ಅವನತ್ತ ಬಾಗಿದಳು. "ಹುಷಾರು ಕಣಪ್ಪಾ. ನಮ್ಮ ಓರಗಿತ್ತೀನ ಒಬ್ಬ ಹೀಗೇ ಮಾತಾಡಿಸ್ತಾ ಮಾತಾಡಿಸ್ತಾ ಸೂಟ್‌ಕೇಸ್ ಎತ್ಕೊಂಡು ಹೋದ."

"ಅವನೂ ಹೀಗೇ ನಗ್ತಿದ್ನಾ?"

"ಇಷ್ಟಿಲ್ಲಪ್ಪ!"

ಸ್ವಲ್ಪ ಹೊತ್ತಿಗೆ ಹಿರಿಯರು ಕೆಟ್ಟ ಮಿಕ್ಸಿಯಂತೆ ಗೊರಕೆ ಶುರುಮಾಡಿದರು.

"ನಾಟಕ" ಎಂದಳು ಹೆಂಗಸು.

ವಿಮಾನ ನಿಲ್ದಾಣ ಬಂದದ್ದೇ ತಡ, ಬೀಗದವನು ಬೆಕ್ಕಿನಂತೆ ಇಳಿದುಬಿಟ್ಟ. ರೈಲು ಗೊರಕೆಯ ಸಮೇತ ಮತ್ತೆ ಊರಿನತ್ತ ಹೊರಟಿತು.

ಗೇಟಿನಲ್ಲಿ ತಪಾಸಣೆಯವಳು ತಡೆದಳು. "ಇದು ಜೋಡಿ ಟಿಕೆಟ್. ಇಬ್ರೂ ಒಟ್ಟಿಗೇ ಹೊರಗೆ ಬರ್ಬೇಕು. ಇನ್ನೊಬ್ರೆಲ್ಲಿ?"

"ಮಲಗಿದ್ದಾರೆ."

"ಎಲ್ಲಿ?"

"ಹೋದ ರೈಲಲ್ಲಿ."

ದಂಡ ತೆತ್ತು ಹೊರಬೀಳುವಷ್ಟರಲ್ಲಿ ಜೇಬು ಬರಿದಾಗಿತ್ತು. ಹೋಗಲಿ, ಮೋಸಗಾರನಿಂದ ಪಾರಾದೆನಲ್ಲ ಎಂದುಕೊಂಡ.

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡೇ ಬಂದರು. "ಪರವಾಗಿಲ್ವೇ ಅಳಿಯಂದ್ರೇ, ಹೊತ್ತಿಗೆ ಸರಿಯಾಗಿ ಬಂದಿದ್ದೀರಿ! ನಿಮ್ಮನ್ನ ನಂಬ್ಕೊಂಡ್ರೆ ಕಷ್ಟ ಅಂತ ನನ್ನ ಗೆಳತಿ ಯಜಮಾನ್ರಿಗೂ ಬರೋಕೆ ಹೇಳಿದ್ದೆ. ಮನುಷ್ಯರನ್ನ ಅಳೆಯೋದ್ರಲ್ಲಿ ಅವರು ಗಟ್ಟಿಗರು. ಅಂಗಡಿ ವಿಷಯ ಅವರು ಹೇಳಿದ ಹಾಗೇ."

"ಎಲ್ಲಿ ಅವರು?"

"ಪಾಪ, ನಿದ್ದೆ ಹತ್ತಿದಾಗ ಯಾವನೋ ಟಿಕೆಟ್ ಎತ್ಕೊಂಡು ಓಡಿಹೋದ್ನಂತೆ. ಅದಕ್ಕೆ ಅವರಿಗೆ ದಂಡ ಬಿತ್ತಂತೆ. ಮುಂದಿನ ರೈಲಲ್ಲಿ ವಾಪಸ್ ಬರ್ತಿದ್ದಾರೆ. ಕಳ್ಳನ ಮುಖ ಮಾತ್ರ ಚೆನ್ನಾಗಿ ನೆನಪಿದೆಯಂತೆ."

"ಅತ್ತೇ, ನಾವು ಬೇಗ ಹೊರಟುಬಿಡೋಣ..."

ಅತ್ತೆ ಪೆಟ್ಟಿಗೆಯ ಮೇಲೆ ಭದ್ರವಾಗಿ ಕೂತರು. "ಎಲ್ಲಾದ್ರೂ ಉಂಟೇ! ಇಲ್ಲೇ ಕಾಯೋಣ. ನಿಮ್ಮನ್ನ ನೋಡ್ಬೇಕು ಅಂತಾನೇ ಬರ್ತಿದ್ದಾರೆ."