ಮೂಗಿಗೆ ಕ್ಲಿಪ್ ಹಾಕಿಕೊಂಡ ಗೈಡ್ ಮೇಡಂ

ನಮ್ಮ ಗೈಡ್ ಮೇಡಂ ಈ ಲೋಕದಲ್ಲಿ ಯಾರನ್ನೂ ನಂಬುವುದಿಲ್ಲ. ತಮ್ಮನ್ನಂತೂ ಮೊದಲೇ ಇಲ್ಲ! ಕಲಿಸುವುದು ಔಷಧಶಾಸ್ತ್ರ. ಆದರೆ ಅವರ ಕೈಕೆಳಗೆ ಪಿಎಚ್‌ಡಿ ಮಾಡಲು ಬಂದವರು ಮೊದಲು ಗೋಣಿಬೀಡಿನ ಹತ್ತಿರದ ಅವರ ಎಸ್ಟೇಟಿಗೆ ಹೋಗಬೇಕು. ಪ್ರಯೋಗಾಲಯವೇನಿದ್ದರೂ ಆಮೇಲೆ.

ನಾನು ಹೋದಾಗ ಕಣದಲ್ಲಿ ಕಾಫಿ ಒಣಗುತ್ತಿತ್ತು. ನೋಡಿ ಬರೆಯಲು ಹೇಳಿದರು. "ಕಾಫಿ ಚೆನ್ನಾಗಿ ಒಣಗಿದೆ" ಎಂದು ಬರೆದೆ.

"ಚೆನ್ನಾಗಿ ಅಂದ್ರೆ ಎಷ್ಟು ಮಾರಾಯ್ತಿ? ಕಚ್ಚಿ ನೋಡಿದ್ಯಾ?"

ಒಂದು ವಾರ ಕಾಫಿ ಕೆದಕಿಸಿದರು. ಆಮೇಲೆ ಊರಿಗೆ ಹೋದಾಗ ಅಮ್ಮ, "ಸಾರು ಹೇಗಿದೆ?" ಎಂದಳು. "ಯಾವುದಕ್ಕೆ ಹೋಲಿಸಿ?" ಎಂದುಬಿಟ್ಟೆ. ಸೌಟು ನನ್ನ ಕಡೆ ತಿರುಗಿತು!

ಮಳೆಗಾಲದಲ್ಲಿ ತೋಟದ ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಮೇಡಂ ಅವರ ತಾಯಿ ಅದಕ್ಕೊಂದು ಎಲೆ ಅರೆದು ಹಚ್ಚುತ್ತಿದ್ದರಂತೆ. ತಾಯಿ ತೀರಿಕೊಂಡ ಮೇಲೆ, ಆ ಎಲೆಯಲ್ಲಿ ಔಷಧವಿದೆ ಎಂದು ಸಾಬೀತು ಮಾಡುವುದೇ ಮೇಡಂ ಅವರ ಜೀವಮಾನದ ಆಸೆಯಾಯಿತು. ನನ್ನ ಪಿಎಚ್‌ಡಿ ಅದರ ಮೇಲೆಯೇ. ಎರಡೂ ಕಾಲಿಗೆ ಉಂಬಳ ಕಚ್ಚಿಸಿ, ಒಂದು ಕಾಲಿಗೆ ಎಲೆಯ ರಸ, ಇನ್ನೊಂದಕ್ಕೆ ಹಸಿರು ಬಣ್ಣದ ನೀರು ಹಚ್ಚಿ, ರಕ್ತ ನಿಲ್ಲಲು ಎಷ್ಟು ನಿಮಿಷ ಎಂದು ಬರೆಯಬೇಕು. ಯಾವುದು ಎಲ್ಲಿ ಎಂದು ಕಚ್ಚಿಸಿಕೊಂಡವರಿಗೆ ಗೊತ್ತಾಗಬಾರದು. ಕಾಲೇಜಿನ ನೀತಿ ಸಮಿತಿಯ ಒಪ್ಪಿಗೆ ಬಂದದ್ದೇ ತಡ, ಮೊದಲು ತಾವೇ ಕಾಲು ಚಾಚಿದರು. ವಾಸನೆಯಿಂದ ಗೊತ್ತಾದರೆ? ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್! ಕಣ್ಣಿಗೆ ಟವೆಲ್!

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಗಲಿ ಹತ್ತಿದವರೇ ಬೆಚ್ಚಿಬಿದ್ದರು. "ಅಮ್ಮಾವ್ರಿಗೆ ಏನಾಯ್ತು?"

"ರಿಸರ್ಚು."

"ಅಯ್ಯೋ ಪಾಪ! ಮಂಗ್ಳೂರಿಗೆ ಕರ್ಕಂಡ್ ಹೋದ್ರೆ ವಾಸಿ ಆಗ್ಬಹುದಾ?"

ಹೀಗೆ ಎಷ್ಟೋ ಕಾಲುಗಳಾದವು. ಲೆಕ್ಕ ಹಾಕಿ ನೋಡಿದೆ. ಎಲೆಯೂ ಒಂದೇ, ನೀರೂ ಒಂದೇ! ಮೇಡಂಗೆ ಇದನ್ನು ಹೇಳುವುದು ಯಾರು? ಎಲೆ ಬಿದ್ದರೆ ನನ್ನ ಪಿಎಚ್‌ಡಿಯೂ ಬಿದ್ದಂತೆ ಎಂದುಕೊಂಡು, ಎಲೆ ಹಚ್ಚಿದ ಕಾಲುಗಳ ನಿಮಿಷಗಳನ್ನು ಅಲ್ಲಲ್ಲಿ ಚೂರುಚೂರೇ ಕಡಿಮೆ ಬರೆದೆ.

ಮೇಡಂ ಗ್ರಾಫ್ ನೋಡಿದರು. "ಎಷ್ಟು ಚೆಂದ ಬಂದಿದೆ! ರಕ್ತ ಇಷ್ಟು ಶಿಸ್ತಾಗಿ ನಿಲ್ಲುತ್ತಾ? ಒರಿಜಿನಲ್ ಪುಸ್ತಕ ತಾ."

ಅಲ್ಲೇ ಒಪ್ಪಿಕೊಂಡೆ. ಬೈಯುತ್ತಾರೆ, ಓಡಿಸುತ್ತಾರೆ ಎಂದುಕೊಂಡಿದ್ದೆ.

"ನನ್ನತ್ರ ನಿಜ ಹೇಳೋಕೆ ಹೆದ್ರಿಕೊಂಡ್ಯಾ? ಹಂಗಾದ್ರೆ ನಾನು ನಿಂಗೆ ಕಲಿಸಿದ್ದು ಏನು?" ಎಂದವರು ಎದ್ದು ಒಳಗೆ ಹೋದರು. ಆ ಮಾತಿಗಿಂತ ನಾಲ್ಕು ಬೈಗುಳವೇ ವಾಸಿಯಿತ್ತು.

ಮುಂದಿನ ಮಳೆಗಾಲದಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಯಾವ ಕಾಲಿಗೆ ಯಾವುದು ಎಂಬ ಚೀಟಿಗಳು ಈ ಸಲ ರೈಟರ್ ಹತ್ತಿರ ಭದ್ರ. ಚೀಟಿ ಬಿಚ್ಚಿದ ದಿನ ಮೇಡಂ ಎದುರು ಕೂತು ಒಂದೊಂದೇ ಓದಿದೆ. ಕೊನೆಗೆ, "ಎಲೆಯಿಂದ ಏನೂ ಆಗಲ್ಲ ಮೇಡಂ" ಎಂದೆ.

ಅವರು ಪೆನ್ನು ತೆಗೆದು ಫಲಿತಾಂಶದ ಹಾಳೆಗೆ ಸಹಿ ಹಾಕಿದರು. ಆಮೇಲೆ ಹಳೆಯ ಶಿಷ್ಯರಿಗೆಲ್ಲ ಸಾಲಾಗಿ ಫೋನು! "ಕೇಳಿದ್ಯಾ? ನನ್ನ ಎಲೆ ಬರೀ ನೀರಿಗೆ ಸಮ ಅಂತೆ! ಈ ಹುಡುಗಿ ನನ್ನ ಮುಖ ನೋಡಿಕೊಂಡೇ ಹೇಳಿದ್ಲು!" ಮಗಳಿಗೆ ರ್‍ಯಾಂಕ್ ಬಂದವರ ಸಡಗರ.

ಕೊನೆಯ ಫೋನು ಮುಗಿಯಿತು. ಮೇಡಂ ತಮ್ಮ ಕಾಲು ಸವರಿಕೊಂಡರು.

"ಅಮ್ಮ ಹಚ್ಚಿದ್ರೆ ನನ್ನ ಅಳು ನಿಲ್ತಿತ್ತು ಕಣೇ. ರಕ್ತ ನಿಂತಿತಾ ಅಂತ ನಾನು ಒಂದು ದಿನಾನೂ ನೋಡ್ಲೇ ಇಲ್ಲ."

ನಾನು ಅವರ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.