ಸೇತುವೆ ಕೆಳಗಿನ ಆಚಾರ್ರು

ಸೇತುವೆಯ ತೊಲೆ ಎಷ್ಟು ದಪ್ಪ ಬೇಕೆಂಬ ಲೆಕ್ಕದಲ್ಲಿ ಭಾಗಿಸಬೇಕಾದ್ದು ನಾಲ್ಕರಿಂದಲೋ, ಎಂಟರಿಂದಲೋ? ಭಾರ ತೊಲೆಯ ಉದ್ದಕ್ಕೂ ಹರಡಿದ್ದರೆ ಎಂಟು, ನಟ್ಟನಡುವೆ ಕೂತರೆ ನಾಲ್ಕು. ವಿಠ್ಠಲ ಎಂಟರಿಂದ ಭಾಗಿಸಿ ಸಣ್ಣ ತೊಲೆಯೇ ಸಾಕೆಂದಿದ್ದ. ಎತ್ತಿನ ಬಂಡಿ ಹಾಸಿಗೆಯಂತೆ ಹರಡಿಕೊಂಡು ದಾಟುವುದಿಲ್ಲ ಎಂದು ಅವನಿಗೆ ಹೊಳೆದದ್ದು ಈ ಬೆಳಿಗ್ಗೆ, ರೊಟ್ಟಿ ಮುರಿಯುವಾಗ. ಸೇತುವೆ ಮುಗಿದು ಆಗಲೇ ವಾರವಾಗಿತ್ತು.

ಹೈದರಾಬಾದಿನಲ್ಲಿ ಸೇತುವೆ ಕಟ್ಟುವ ವಿದ್ಯೆ ಕಲಿಯುತ್ತಿದ್ದ ಅವನಿಗೆ, ರಜೆಯಲ್ಲಿ ಒಂದು ಸೇತುವೆ ಕಟ್ಟಿ, ಭಾರ ಹೊರಿಸಿ, ತಹಸೀಲ್ದಾರರ ಮೊಹರು ತರಬೇಕೆಂದು ಗುರುಗಳ ಅಪ್ಪಣೆ. ಮೊಹರಿಲ್ಲದಿದ್ದರೆ ಪಾಸಿಲ್ಲ. ಮಾನ್ವಿಯ ಹೊರಗಿನ ಹಳ್ಳಕ್ಕೆ ಮರದ ಸೇತುವೆ ಹಾಕಿದ್ದ. ಇವತ್ತೇ ಪರೀಕ್ಷೆ.

"ಹನ್ನೆರಡು ಚೀಲ ಮರಳು ಹೇರು. ಒಂದೂ ಕಡಿಮಿ ಆಗಬಾರ್ದು. ನಾ ಕೆಳಗ ನಿಂದರ್ತೀನಿ" ಎಂದ, ಬಂಡಿಯ ಸೂಗಪ್ಪನಿಗೆ. ಕಟ್ಟಿದವನು ಕೆಳಗೆ ನಿಂತರೇ ನಿಜ ತಿಳಿಯುವುದು.

"ಕೆಳಗ್ಯಾಕ್ರೀ ಆಚಾರ್ರ? ಮ್ಯಾಲ ಬಂಡ್ಯಾಗ ಕೂಡ್ರಿ. ಬಿದ್ರ ನನಗ ಜ್ವಾಡಿ ಇರ್ತದ!"

ತಾಯಿ ತುಳಸಿಬಾಯಿ ಬಾಗಿಲಿಗೆ ಬಂದಳು. "ಬ್ಯಾಡೋ ವಿಠ್ಠಲಾ."

"ಲೆಕ್ಕ ಗಟ್ಟಿ ಅದ ಅವ್ವಾ."

"ಗಟ್ಟಿ ಇದ್ರ ರೊಟ್ಟಿ ಯಾಕ ಬಿಟ್ಟಿ?"

ಅವನು ಒಳಗಿಂದ ಟೋಪಿ ಹಾಕಿಕೊಂಡು ಬರುವಷ್ಟರಲ್ಲಿ ಅವ್ವ, ಸೂಗಪ್ಪ ಪಿಸುಗುಡುತ್ತಿದ್ದರು. ಇವನನ್ನು ಕಂಡದ್ದೇ ಇಬ್ಬರೂ ಮೋಡವಿಲ್ಲದ ಆಕಾಶ ನೋಡಿದರು.

ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ತಹಸೀಲ್ದಾರ್ ಕುತುಬುದ್ದೀನ್ ಸಾಹೇಬರು ಕುರ್ಚಿ ಹಾಕಿ ಕೂತರು. ಊರೇ ನೆರೆದಿತ್ತು. ಬಾಯಿ ಹೊಲಿದ ಚೀಲ ಹೊತ್ತ ಬಂಡಿ ಬಂತು. ಎತ್ತುಗಳು ಮದುವೆ ದಿಬ್ಬಣಕ್ಕೆ ಹೊರಟಂತೆ ಕುಣಿಯುತ್ತಿದ್ದವು. ವಿಠ್ಠಲ ಕೆಳಗೆ ನಿಂತು ಹಲ್ಲು ಕಚ್ಚಿದ. ನಾಲ್ಕೋ, ಎಂಟೋ, ಈಗ ತಿಳಿಯುತ್ತದೆ.

ಬಂಡಿ ನಟ್ಟನಡುವೆ ಬಂತು. ತೊಲೆ ಕೂದಲೆಳೆಯಷ್ಟೂ ಬಾಗಲಿಲ್ಲ. ಹಲಗೆಯ ಸಂದಿನಿಂದ ಏನೋ ಅವನ ಟೋಪಿಯ ಮೇಲೆ ಬಿತ್ತು. ತೆಗೆದು ನೋಡಿದ.

ಶೇಂಗಾದ ಸಿಪ್ಪೆ.

ಇನ್ನೊಂದು ಬಿತ್ತು. ಮತ್ತೊಂದು. ಮರಳು ಮಾತ್ರ ಒಂದು ಹರಳೂ ಬೀಳಲಿಲ್ಲ.

"ಶಾಬಾಶ್!" ಸಾಹೇಬರು ಕಾಗದಕ್ಕೆ ಮೊಹರು ಒತ್ತಿದರು. ವಿಠ್ಠಲ ಮೇಲೆ ಬಂದು ಬಾಯಿ ತೆರೆದ. ಸಾಹೇಬರ ಬೆನ್ನ ಹಿಂದೆ ಸೂಗಪ್ಪ ಕೈಮುಗಿದು ನಿಂತಿದ್ದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ವಿಠ್ಠಲ ಕೈಚಾಚಿ ಕಾಗದ ತೆಗೆದುಕೊಂಡ.

"ನಾಳೆ ಕವಿತಾಳದ ಕಡಿಂದ ಹತ್ತು ಬಂಡಿ ಕಲ್ಲು ಬರ್ತಾವ. ಇದರ ಮ್ಯಾಲೇ ದಾಟಲಿ" ಎಂದರು ಸಾಹೇಬರು.

ಅವ್ವನ ನಗು ನಿಂತಿತು.

"ದಾಟ್ತೀವ್ರಿ ಸಾಹೇಬ್ರ," ಗುಂಪಿನಲ್ಲಿದ್ದ ಬಂಡಿಯವರು ಒಕ್ಕೊರಲಿನಿಂದ ಅಂದರು, "ಆದ್ರ ಆಚಾರ್ರು ಕೆಳಗ ನಿಂದರಬೇಕು. ಅವ್ರು ನಿಂತ್ರ ಸೇತುವಿ ಅಳ್ಳಾಡಂಗಿಲ್ಲ. ಕಣ್ಣಾರೆ ನೋಡೀವಿ!"

"ಬರಾಬರ್! ವಿಠ್ಠಲರಾವ್, ಮುಂಜಾನೆ ಆರಕ್ಕ ಹಾಜರ್ ಇರ್ರಿ."

ವಿಠ್ಠಲ ತಲೆಯಾಡಿಸಿದ. ಮೊಹರಿನ ಕಾಗದ ಜೇಬಿನಲ್ಲಿತ್ತು, ಸಿಪ್ಪೆ ಮುಷ್ಟಿಯಲ್ಲಿ. ಚೀಲದಲ್ಲಿ ಮರಳಿರಲಿಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ.